ಆರ್ಕಿಡ್ ಮನೆಗೆ ಟಾರ್ಪಾಲು ಕಟ್ಟಿದ ವರ್ಷ

ಆರ್ಕಿಡ್ ಕುಂಡದ ಮೇಲ್ಭಾಗವನ್ನು ನಂಬಬೇಡಿ. ಮೇಲೆ ಒಣಗಿ ಬೆಳ್ಳಗಾದ ಕುಂಡದ ಹೊಟ್ಟೆಯಲ್ಲಿ ನೀರು ನಿಂತಿರುತ್ತದೆ. ಮೇಲೆ ಪಾಚಿ ಕಟ್ಟಿ ತಂಪಾಗಿ ಕಾಣುವ ಕುಂಡದೊಳಗೆ ಬೇರು ಬಾಯಾರಿ ಸುರುಟಿರುತ್ತದೆ. ಎಲೆಯನ್ನಂತೂ ನಂಬಲೇಬೇಡಿ. ನೀರು ಸಾಲದಿದ್ದರೂ ಎಲೆ ಸುಕ್ಕಾಗುತ್ತದೆ, ನೀರು ಹೆಚ್ಚಾಗಿ ಬೇರು ಕೊಳೆತರೂ ಸುಕ್ಕಾಗುತ್ತದೆ. ಸುಕ್ಕು ಕಂಡ ಕೂಡಲೇ ಪೈಪು ಹಿಡಿದು ಓಡಿದವರು ಎಷ್ಟೋ ಗಿಡ ಕೊಂದಿದ್ದಾರೆ.

ತೋವಿನಕೆರೆಯ ಹತ್ತಿರ ಒಂದು ಆರ್ಕಿಡ್ ತೋಟದಲ್ಲಿ, ಕುಂಡ ತುಂಬುವ ಶೆಡ್ಡಿನಲ್ಲಿ, ತಲೆ ಪೂರ್ತಿ ನೆರೆಯುವವರೆಗೆ ದುಡಿದವಳು ನಾನು. ಹೆಸರು ಸರ್ವಮಂಗಳ. ತೋಟದಲ್ಲಿ ಎಲ್ಲರಿಗೂ ಮಂಗಳಕ್ಕ. ಈಗ ನಮ್ಮ ಕಡೆ ಹೂವಿನ ಪಾಲಿಹೌಸುಗಳು ಹೆಚ್ಚಾಗಿವೆ. ಕೆಲಸಕ್ಕೆ ಸೇರುವ ಹೆಣ್ಣುಮಕ್ಕಳು ಮನೆಗೆ ಬಂದು, “ಕೆಲ್ಸ ಹೆಂಗಿರ್ತದೆ ಅಕ್ಕ? ಹೂವಿನ ಕೆಲ್ಸ ಅಲ್ವಾ, ಹಗುರ ಅಲ್ವಾ?” ಎಂದು ಕೇಳುತ್ತಾರೆ. ಕೈಗೆ ಹಗುರವೇ. ಮನಸ್ಸಿಗೆ ಹಗುರವಲ್ಲ. ದಿನವಿಡೀ ಕಣ್ಣಿಗೆ ಕಾಣದ ಬೇರಿನ ಮೇಲೆ ಅನುಮಾನ ಪಡುತ್ತಾ ಕೂರುವ ಕೆಲಸ ಅದು. ಆ ಗುಣ ಸಂಜೆ ಕೈ ತೊಳೆದ ಮೇಲೂ ಬಿಟ್ಟು ಹೋಗುವುದಿಲ್ಲ.

ನಮ್ಮ ತೋಟದ ಸಾಹುಕಾರರು ಶಿರಾದವರು, ಪುಟ್ಟರುದ್ರಪ್ಪ ಅಂತ. ಕಡಲೆಕಾಯಿ ಮಂಡಿ ನಡೆಸಿ ಬೆಳೆದವರು. ಬೆಂಗಳೂರಿನಲ್ಲಿ ಯಾರದೋ ಮದುವೆ ಮಂಟಪದಲ್ಲಿ ನೇರಳೆ ಬಣ್ಣದ ಡೆಂಡ್ರೋಬಿಯಂ ಆರ್ಕಿಡ್ ಹೂ ನೋಡಿ, ಇದನ್ನು ತಾವೂ ಬೆಳೆಯಬೇಕೆಂದು ಹಟ ಹಿಡಿದು, ಹೆಂಡತಿಯ ತವರಿನ ಜಮೀನಿನಲ್ಲಿ ನೆರಳು ಬಲೆಯ ಶೇಡ್‌ನೆಟ್ ಹಾಕಿಸಿದ್ದರು. ಹುಟ್ಟಾ ಅನುಮಾನದ ಮನುಷ್ಯ. ಮಂಡಿಯಲ್ಲಿ ಚೀಲದ ಬಾಯಿ ಬಿಚ್ಚಿ ತೋರಿಸಿದ ಕಾಯನ್ನು ಅವರು ನೋಡುತ್ತಲೇ ಇರಲಿಲ್ಲವಂತೆ. ಚೀಲದ ನಡುವಿಗೆ ಕೊಳವೆ ಚುಚ್ಚಿ ಒಳಗಿನ ಕಾಯಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ, ಒಡೆದು, ಮೂಸಿ ನೋಡುತ್ತಿದ್ದರಂತೆ. ತೂಕ ಬರಲಿ ಎಂದು ಕಾಯಿಗೆ ನೀರು ಚಿಮುಕಿಸಿ ತರುವವರು ಇರುತ್ತಿದ್ದರು.

ಅಷ್ಟು ಅನುಮಾನವಿದ್ದೂ ಮೊದಲ ಸಲ ಗಿಡ ತಂದಾಗ ಅವರು ಅನುಮಾನಪಟ್ಟದ್ದು ನಂಬಬೇಕಾಗಿದ್ದ ಮಾತನ್ನೇ. ಗಿಡ ಕೊಟ್ಟ ನರ್ಸರಿಯವನು, ಇದಕ್ಕೆ ಮಣ್ಣು ಬೇಡ, ಇದ್ದಿಲು, ಹೆಂಚಿನ ಚೂರು, ತೆಂಗಿನ ಮಟ್ಟೆಯ ತುಂಡು ಸಾಕು ಎಂದು ಹೇಳಿ ಕಳಿಸಿದ್ದ. ಸಾಹುಕಾರರು ನಗಾಡಿದರು.

“ಇದ್ದಲಲ್ಲಿ ಗಿಡ ಬೆಳೀತದೆ ಅಂತಾನಲ್ಲಾ, ನನ್ನೇನು ಪೆದ್ದ ಅನ್ಕಂಡವ್ನಾ? ಗಿಡ ಸಾಯ್ಲಿ, ಇನ್ನೊಂದ್ ಸಲ ಮಾಲು ಮಾರಾನ ಅಂತ ಉಪಾಯ ಕಣಮ್ಮ ಇದು. ಒಳ್ಳೆ ಕೆಮ್ಮಣ್ಣು ಗೊಬ್ರ ಹಾಕು ನೀನು.”

ಅದಕ್ಕೆ ಮುಂಚೆ ಕೊಡಿಗೇನಹಳ್ಳಿಯ ನನ್ನ ತವರಿನಲ್ಲಿ ಸೇವಂತಿಗೆ ಸಸಿ ಮಾಡಿ ಗೊತ್ತಿದ್ದ ನನಗೂ ಸಾಹುಕಾರರ ಮಾತೇ ಸರಿ ಅನ್ನಿಸಿತು. ಮಣ್ಣು ತುಂಬಿ, ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿ, ನೀರು ಹಾಕಿದೆವು. ಗಿಡಗಳು ಬುಡದಿಂದ ಕಪ್ಪಾಗುತ್ತಾ ಬಂದವು. ಕಿತ್ತು ನೋಡಿದರೆ ಬೇರಿನ ತೊಗಲು ಒದ್ದೆ ಕಾಗದದ ಹಾಗೆ ಕೈಗೆ ಬಂದು ಒಳಗಿನ ದಾರವಷ್ಟೇ ಉಳಿಯಿತು. ಆಗ ಸಾಹುಕಾರರು ಉಳಿದ ಗಿಡಗಳನ್ನು ನರ್ಸರಿಯವನು ಹೇಳಿದಂತೆಯೇ ಇದ್ದಿಲಿಗೆ ಹಾಕಿಸಿದರು. ಶಿರಾ ಕಡೆಯಿಂದ ಬಳ್ಳಾರಿ ಜಾಲಿಯ ಇದ್ದಿಲು ತರಿಸಿದರು. ಅದೂ “ನೋಡಾನ, ಬರಾಬರ್ ಐತಾ ಅಂತ” ಎಂದುಕೊಂಡೇ.

ಆರ್ಕಿಡ್‌ನ ಬೇರಿಗೆ ನೀರೂ ಬೇಕು, ನೀರು ಹೋದ ಮೇಲೆ ಆ ಜಾಗಕ್ಕೆ ಗಾಳಿಯೂ ಬೇಕು. ಕಾಡಿನಲ್ಲಿ ಅದು ಮರದ ತೊಗಟೆಗೆ ಅಂಟಿಕೊಂಡು, ಮಳೆ ಬಂದಾಗ ನೆನೆದು, ಗಾಳಿ ಬೀಸಿದಾಗ ಒಣಗಿ ಬದುಕುವ ಗಿಡ. ಕುಂಡ ತುಂಬುವವಳು ಆ ತೊಗಟೆಯ ಕೆಲಸ ಮಾಡಬೇಕು. ಇದ್ದಿಲಿನ ತುಂಡು ಹುಣಸೆ ಬೀಜದಷ್ಟು ಸಣ್ಣದಾದರೆ ಸಂದು ಮುಚ್ಚುತ್ತದೆ, ನಿಂಬೆಹಣ್ಣಿನಷ್ಟಾದರೆ ನಮ್ಮ ಕಡೆಯ ಬಿಸಿಗಾಳಿಗೆ ಮಧ್ಯಾಹ್ನದೊಳಗೆ ಎಲ್ಲ ಒಣಗುತ್ತದೆ. ತೆಂಗಿನ ಮಟ್ಟೆಯನ್ನು ನೆನೆಹಾಕಿ, ಕಂದು ನೀರು ಚೆಲ್ಲಿ, ಮತ್ತೆ ನೆನೆಹಾಕಿ ಉಪ್ಪು ತೆಗೆಯಬೇಕು. ತಳಕ್ಕೆ ಹೆಂಚಿನ ಚೂರು, ಅದರ ಮೇಲೆ ಇದ್ದಿಲು, ಬೇರಿನ ಸುತ್ತ ಸ್ವಲ್ಪ ಮಟ್ಟೆ. ಒತ್ತಬಾರದು. ಕುಂಡವನ್ನು ಮೇಜಿಗೆ ಮೆಲ್ಲಗೆ ತಟ್ಟಿದರೆ ಚೂರುಗಳು ತಾವೇ ಜಾಗ ಹುಡುಕಿಕೊಳ್ಳುತ್ತವೆ. ಬಿಸಿಲು ಬೀಳುವ ಬದಿಯ ಕುಂಡಕ್ಕೆ ಮಟ್ಟೆ ಜಾಸ್ತಿ, ಒಳಗಿನ ಸಾಲಿಗೆ ಇದ್ದಿಲು ಜಾಸ್ತಿ. ಒಂದೇ ಅಳತೆಯಲ್ಲಿ ಎಲ್ಲ ಕುಂಡ ತುಂಬುವವರಿಗೆ ಕೆಲಸ ಬೇಗ ಮುಗಿಯುತ್ತದೆ, ಗಿಡವೂ ಬೇಗ ಮುಗಿಯುತ್ತದೆ.

ಇದ್ದಿಲು ನಂಬಿಸಿದ ಮೇಲೆ ಸಾಹುಕಾರರು ನನಗೆ ಕಲಿಸಿದ ಒಂದು ಪಾಠ ಕೊನೆಯವರೆಗೂ ಅನ್ನ ಹಾಕಿತು. ಒಂದು ದಿನ ನಾನು ಮಾಮೂಲಿಯಂತೆ ಪೈಪು ಹಿಡಿದು ಸಾಲಿಗೆ ನೀರು ಬಿಡುತ್ತಿದ್ದಾಗ ಅಡ್ಡ ಬಂದರು.

“ಎತ್ತಿ ನೋಡಿದ್ಯಾ?”

“ಏನನ್ನ ಸಾವ್ಕಾರ್ರೆ?”

“ಕುಂಡಾನ. ನೀರು ಇದ್ರೆ ತೂಕ ಇರ್ತದೆ. ತೂಕ ಇದ್ರೆ ನೀರು ಐತೆ ಅಂತ. ಕಡ್ಲೆಕಾಯಿ ಆದ್ರೇನು, ಕುಂಡ ಆದ್ರೇನು?”

ಅಂದಿನಿಂದ ಎತ್ತಿ ನೋಡದೆ ನೀರು ಹಾಕಿಲ್ಲ. ಎತ್ತುವಾಗ ಬೇರಿನ ಬಣ್ಣವನ್ನೂ ನೋಡುವುದು: ಒಣಗಿದ ಬೇರು ಬೂದಿಬಿಳಿ, ನೆನೆದ ಬೇರು ಹಸಿರು, ಕೊಳೆತದ್ದು ಕಂದು.

ಮುಂದೆ ತೋಟಕ್ಕೆ ಗಿರೀಶ್ ಎಂಬ ಮ್ಯಾನೇಜರ್ ಬಂದರು. ತೋಟಗಾರಿಕೆ ಓದಿದ ಹುಡುಗ. ಮಣ್ಣಿನ ಕುಂಡ ಬಿಡಿಸಿ, ಬದಿಯಲ್ಲೂ ತೂತಿರುವ ಪಾರದರ್ಶಕ ಪ್ಲಾಸ್ಟಿಕ್ ಕುಂಡ ತಂದರು. ನನಗೆ ಆ ಕುಂಡದ ಮೇಲೂ, ತಂದವರ ಮೇಲೂ ಅನುಮಾನವೇ. ಮಣ್ಣಿನ ಕುಂಡ ತಾನೇ ನೀರು ಕುಡಿದು ಮೈಯಿಂದ ಆರಿಸುತ್ತದೆ, ಪ್ಲಾಸ್ಟಿಕ್ ಕುಡಿಯುವುದಿಲ್ಲ. ಆದರೆ ಒಂದು ಒಳ್ಳೆಯದಾಯಿತು. ಬೇರು ಹೊರಗೆ ಕಾಣತೊಡಗಿತು. ಇದ್ದಿಲಿನ ತುಂಡು ಸ್ವಲ್ಪ ದೊಡ್ಡದು ಮಾಡಿ, ನೀರು ಸ್ವಲ್ಪ ಕಡಿಮೆ ಮಾಡಿ ಹೊಂದಿಸಿಕೊಂಡೆವು. ಗಿರೀಶ್ ಜಗಳಗಂಟರಲ್ಲ. ನಾನು ಬೇಡ ಅಂದದ್ದನ್ನು ಯಾಕೆ ಬೇಡ ಎಂದು ಕೇಳಿಕೊಳ್ಳುತ್ತಿದ್ದರು.

ಇಷ್ಟೆಲ್ಲ ಸರಿಯಾಗಿ ನಡೆಯುತ್ತಿದ್ದಾಗ ಗೇಟಿನ ಬದಿಯ ಸಾಲಿನಿಂದ ಗಿಡಗಳು ಕಾಣೆಯಾದವು.

ಹೂ ಬಿಟ್ಟಿದ್ದ ತಾಯಿಗಿಡಗಳು, ಸಾಹುಕಾರರು ಬಂದವರಿಗೆಲ್ಲ ತೋರಿಸುತ್ತಿದ್ದ ಕಡುನೇರಳೆ ಜಾತಿ. ಒಂದು ಬೆಳಿಗ್ಗೆ ಮೇಜಿನ ಮೇಲೆ ಕುಂಡದ ತಳದ ಒದ್ದೆ ಗುರುತುಗಳಷ್ಟೇ ಇದ್ದವು. ಸಾಹುಕಾರರು ಶಿರಾದಿಂದ ಬಂದು ಆ ಗುರುತುಗಳನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಯಾರನ್ನೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿರುತ್ತಿತ್ತು. ಒಬ್ಬೊಬ್ಬರ ಮುಖವನ್ನೂ ಚೀಲದ ಕಾಯಿ ನೋಡುವ ಹಾಗೆ ನೋಡಿದರು. ಮಾರನೆಯ ದಿನ ಆಳುಗಳನ್ನು ಕರೆತಂದು ಶೇಡ್‌ನೆಟ್ಟಿನ ನಾಲ್ಕೂ ಬದಿಗೆ ನೆಲದಿಂದ ಸೂರಿನವರೆಗೆ ದಪ್ಪ ಟಾರ್ಪಾಲು ಕಟ್ಟಿಸಿದರು. ಒಂದೇ ಬಾಗಿಲು, ಒಂದೇ ಬೀಗ. ಸಂಜೆ ಹೋಗುವಾಗ ಎಲ್ಲರ ಬ್ಯಾಗೂ ಕಾವಲಿನವನ ಮುಂದೆ ಬಿಚ್ಚಬೇಕು.

ಗಿರೀಶ್ ಒಂದೇ ಒಂದು ಸಲ ಹೇಳಿದರು. “ಸರ್, ಬದಿಯೆಲ್ಲ ಮುಚ್ಚಿದ್ರೆ ಗಾಳಿ ಆಡಲ್ಲ.”

“ಯಾಕಪ್ಪಾ? ಗಾಳಿ ಬರೋ ದಾರೀಲೇ ಗಿಡ ಹೋಗ್ಬೇಕಾ?” ಎಂದರು ಸಾಹುಕಾರರು.

ಟಾರ್ಪಾಲು ತೆಗೆಯಿರಿ ಎಂದವರೇ ಕಳ್ಳರು ಎಂಬಂತಾಗಿತ್ತು.

ಆಗ ನೀರು ಹಾಕುವ ಕೆಲಸ ಓಬಳಮ್ಮನದು. ಪಾವಗಡದ ಆಚೆ, ಆಂಧ್ರದ ಗಡಿಗೆ ಅಂಟಿದ ಊರಿನವಳು. ಗಂಡ ತೀರಿಕೊಂಡ ಮೇಲೆ ತಾಯಿಯನ್ನು ಅಕ್ಕನ ಹತ್ತಿರ ಬಿಟ್ಟು ಬಂದು, ತೋಟದ ಕೋಣೆಯಲ್ಲೇ ಇದ್ದು ದುಡಿಯುತ್ತಿದ್ದಳು. ಅವಳ ಮಾತಿನಲ್ಲಿ ಕನ್ನಡ ಎಲ್ಲಿ ಮುಗಿದು ತೆಲುಗು ಎಲ್ಲಿ ಶುರುವಾಗುತ್ತದೆಂದು ಹೇಳಲಾಗುತ್ತಿರಲಿಲ್ಲ. ಮಧ್ಯಾಹ್ನ ನಾವಿಬ್ಬರೂ ಬುತ್ತಿ ಹಂಚಿಕೊಂಡು ತಿನ್ನುತ್ತಿದ್ದೆವು. ಟಾರ್ಪಾಲು ಕಟ್ಟಿದ ಮೇಲೆ ಅದೂ ನಿಂತಿತು. ಯಾರು ನಿಲ್ಲಿಸಿದರೆಂದು ನೆನಪಿಲ್ಲ. ಶೆಡ್ಡಿನಲ್ಲಿ ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರು ಹೋದರೆ ತಿರುಗಿ ನೋಡುವ ಅಭ್ಯಾಸ ಎಲ್ಲರಿಗೂ ಬಂದಿತ್ತು.

ಸ್ವಲ್ಪ ದಿನದಲ್ಲೇ ಒಳಗಿನ ಸಾಲುಗಳಲ್ಲಿ ಬೇರು ಕಂದಾಗತೊಡಗಿತು. ನಾನು ಕುಂಡದಿಂದ ಗಿಡ ಕಿತ್ತು, ಕೊಳೆತ ಬೇರನ್ನು ಬ್ಲೇಡಿನಿಂದ ಓರೆಯಾಗಿ ಕೊಯ್ದು, ಹೊಸ ಇದ್ದಿಲು ತುಂಬಿದೆ. ಕೆಲವು ಬದುಕಿದವು. ಬದುಕುವಂತೆ ಕಾಣದವನ್ನು ತಿಪ್ಪೆಗೆ ಹಾಕಿದೆವು. ಸಾಹುಕಾರರು ಕುಂಡ ಎತ್ತಿ ನೋಡಿದರು. ಭಾರ ಇತ್ತು. “ಬೇಕೂಂತ ನೀರು ಹುಯ್ತಾವ್ರೆ” ಎಂದರು. ನೀರು ಹಾಕುವವಳು ಒಬ್ಬಳೇ.

ಅದೇ ವಾರ ಓಬಳಮ್ಮನ ಬ್ಯಾಗಿನಲ್ಲಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ಆರ್ಕಿಡ್ ಬುಡಗಳು ಸಿಕ್ಕವು. ಹೂವಿಲ್ಲ, ಎಲೆಯೂ ಇಲ್ಲವೆನ್ನುವಷ್ಟೇ.

“ತಿಪ್ಪೇಲಿ ಬಿದ್ದಿದ್ವು ಸಾವ್ಕಾರ್ರೆ. ಸತ್ತಿದ್ವು ಅಂತ ಎಸೆದಿದ್ರು. ಹಬ್ಬಕ್ಕೆ ಊರಿಗೆ ಹೋಗ್ತೀನಲ್ಲಾ ಅಂತ ಇಟ್ಕಂಡೆ. ನೇನು ದೊಂಗ ಕಾದು, ಕಳ್ಳಿ ಅಲ್ಲ ನಾನು.”

“ಮೊದ್ಲು ನೀರು ಹಾಕಿ ಸಾಯ್ಸಾದು, ಆಮೇಲೆ ತಿಪ್ಪೆಗೆ ಎಸೆಸಾದು, ಆಮೇಲೆ ಬ್ಯಾಗು. ಚೆನ್ನಾಗೈತೆ ಲೆಕ್ಕ” ಎಂದರು ಸಾಹುಕಾರರು. “ಮುಂಚೆ ಎಷ್ಟು ಸಲ ತಗಂಡ್ ಹೋಗಿದ್ಯಾ?”

ಓಬಳಮ್ಮ ನನ್ನ ಕಡೆ ನೋಡಿದಳು. ನಾನು ಮುಖ ತಿರುಗಿಸಿದೆ. ತಿಪ್ಪೆಗೆ ಹಾಕಿದ್ದು ನಿಜ, ಆದರೆ ಕಾಣೆಯಾದ ತಾಯಿಗಿಡ ಎಲ್ಲಿ ಹೋಯಿತೆಂದು ನನಗೇನು ಗೊತ್ತು? ಅವಳು ಬುಡಗಳನ್ನು ಮತ್ತೆ ಸೀರೆ ತುಂಡಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು, ಕೋಣೆಗೆ ಹೋಗಿ ಪೆಟ್ಟಿಗೆ ತಂದು, ಮಧುಗಿರಿ ಬಸ್ಸು ಹತ್ತಿದಳು. ಬುಡಗಳನ್ನು ಬಿಟ್ಟು ಹೋಗಿದ್ದರೆ ಕದ್ದದ್ದನ್ನು ಒಪ್ಪಿಕೊಂಡ ಹಾಗಾಗುತ್ತಿತ್ತು ಎಂದು ಆಮೇಲೆ ನನಗೆ ಹೇಳಿದಳು.

ನೀರು ಹಾಕುವ ಕೆಲಸ ನನ್ನ ಮೇಲೆ ಬಿತ್ತು. ಅರ್ಧಕ್ಕೆ ಅರ್ಧ ಕಡಿಮೆ ಮಾಡಿದೆ. ತಿಂಗಳುಗಳು ಕಳೆದರೂ ಕುಂಡ ಹಗುರವಾಗಲಿಲ್ಲ, ಬೇರು ಕೊಳೆಯುವುದು ನಿಲ್ಲಲಿಲ್ಲ. ನಾನಿಲ್ಲದಾಗ ಬೇರೆ ಯಾರೋ ನೀರು ಬಿಡುತ್ತಿದ್ದಾರೆ ಎಂದುಕೊಂಡೆ. ಕಾವಲಿನವನ ಮೇಲೆ ಅನುಮಾನ ಬಂತು, ಗಿರೀಶ್ ಮೇಲೆ ಬಂತು, ಒಂದೊಂದು ಸಲ ಸಾಹುಕಾರರ ಮೇಲೂ ಬಂತು. ಸಂಜೆ ಹೊರಡುವ ಮುನ್ನ ಒಳಗಿನ ಸಾಲಿನ ಕೆಲವು ಕುಂಡಗಳ ಮೇಲೆ ರಂಗೋಲಿ ಪುಡಿಯನ್ನು ತೆಳ್ಳಗೆ ಉದುರಿಸಿದೆ. ನೀರು ಬಿದ್ದರೆ ಪುಡಿ ಕೊಚ್ಚಿಕೊಂಡು ಹೋಗಬೇಕು. ಬೆಳಿಗ್ಗೆ ಬಂದು ನೋಡಿದರೆ ಪುಡಿ ಇದ್ದ ಹಾಗೇ ಇತ್ತು, ಆದರೆ ತೇವಗೊಂಡು ಹಿಟ್ಟಿನಂತೆ ಅಂಟಿಕೊಂಡಿತ್ತು. ತಲೆಯೆತ್ತಿದೆ. ಟಾರ್ಪಾಲಿನ ಒಳಮೈ ತುಂಬ ಹನಿ. ಮುಟ್ಟಿದರೆ ಅಂಗೈಯೆಲ್ಲ ಒದ್ದೆ.

ಯಾರೂ ನೀರು ಹಾಕಿರಲಿಲ್ಲ. ಹಾಕಿದ ನೀರಿಗೆ ಹೋಗಲು ದಾರಿ ಇರಲಿಲ್ಲ.

ಗಿರೀಶ್‌ಗೆ ತೋರಿಸಿದೆ. ಅವರು ಹನಿ ನೋಡಿ, ನನ್ನನ್ನು ನೋಡಿ, ಮೆಲ್ಲಗೆ, “ನನಗೆ ಗೊತ್ತಿತ್ತು ಮಂಗಳಕ್ಕ. ಹೇಳಿದ್ನಲ್ಲ. ಈಗ ನೀವು ಹೇಳ್ತೀರಾ?” ಎಂದರು.

ನಾನು ಹೇಳಿದೆ. ಸಾಹುಕಾರರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, “ಗಾಳಿ ಮಾತು ಆಮ್ಯಾಕೆ. ಮೊದ್ಲು ನೀನು ಪಾವಗಡಕ್ಕೆ ಹೋಗಿ ಬಾ. ಅವಳ ಮನೇಲಿ ನನ್ನ ತಾಯಿಗಿಡ ಐತಾ ಇಲ್ವಾ ನೋಡ್ಕಂಡ್ ಬಾ. ನಾನು ಹೋದ್ರೆ ಬಚ್ಚಿಡ್ತಾಳೆ. ನೀನಾದ್ರೆ ಒಳೀಕೆ ಕರೀತಾಳೆ” ಎಂದರು.

ಒಪ್ಪಿಕೊಂಡೆ. ಸಾಹುಕಾರರು ಕಳಿಸಿದ್ದಕ್ಕೆ ಮಾತ್ರವಲ್ಲ. ನನಗೂ ತಿಳಿಯಬೇಕಿತ್ತು.

ಕೊರಟಗೆರೆ, ಮಧುಗಿರಿ ದಾಟಿ, ಪಾವಗಡದಲ್ಲಿ ಇಳಿದು ಶೇರ್ ಆಟೋ ಹಿಡಿದು ಅವಳ ಊರು ಸೇರುವಾಗ ನಡು ಮಧ್ಯಾಹ್ನ. ಬಂಡೆಗಳಿಂದ ಕಾವು ಎದ್ದು ಬರುತ್ತಿತ್ತು. ಓಬಳಮ್ಮ ಬಾಗಿಲಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನನ್ನನ್ನು ಕಂಡು ಎದ್ದಳು. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ.

“ರಾ ಅಕ್ಕಾ. ಒಳೀಕ್ ಬಾ. ಮಜ್ಜಿಗೆ ತರ್ತೀನಿ, ಕೂಕ.”

ಅವಳು ಒಳಗೆ ಹೋದಳು. ಕೂತವಳು ಹಿತ್ತಿಲ ಬಾಗಿಲ ಕಡೆ ತಿರುಗಿದೆ. ಬೇವಿನ ಮರದ ಕೊಂಬೆಯಿಂದ ಹಗ್ಗದಲ್ಲಿ ಇಳಿಬಿಟ್ಟ ಮರದ ತುಂಡುಗಳಿಗೆ ಆರ್ಕಿಡ್‌ಗಳನ್ನು ಕಟ್ಟಿತ್ತು. ಒಂದರಲ್ಲಿ ಮೊಗ್ಗು ಬಿಟ್ಟಿತ್ತು, ಮೊಗ್ಗಿನ ತುದಿ ಕಡುನೇರಳೆ.

ಹಾಗಾದರೆ ಇವಳೇ, ಎಂದುಕೊಂಡೆ. ಬುತ್ತಿ ಹಂಚಿಕೊಂಡದ್ದೆಲ್ಲ ನೆನಪಾಯಿತು. ಎದ್ದು ಹೋಗಿ ಒಂದನ್ನು ತಿರುಗಿಸಿ ಬೇರು ನೋಡಿದೆ. ಹಳೆಯ ಬೇರುಗಳೆಲ್ಲ ಮೊಂಡು. ಒಂದೊಂದರ ತುದಿಯೂ ಓರೆ ಕೊಯ್ತ. ಆ ಮೊಂಡುಗಳ ಪಕ್ಕದಿಂದ ಹೊಸ ಬೇರು, ಬೂದಿಬಿಳಿ, ತುದಿ ಹಸಿರು, ಮರದ ತುಂಡನ್ನು ತಬ್ಬಿಕೊಂಡಿತ್ತು. ಎರಡನೆಯದನ್ನು ನೋಡಿದೆ, ಮೂರನೆಯದನ್ನು ನೋಡಿದೆ. ಎಲ್ಲದರಲ್ಲೂ ನನ್ನ ಬ್ಲೇಡಿನ ಕೊಯ್ತ. ಕದ್ದ ತಾಯಿಗಿಡಗಳು ಗೇಟಿನ ಸಾಲಿನವು, ಟಾರ್ಪಾಲಿಗೆ ಮುಂಚೆ ಹೋದವು. ಅವುಗಳ ಬೇರಿಗೆ ನಾನು ಬ್ಲೇಡು ತಾಗಿಸಿರಲೇ ಇಲ್ಲ. ಇವು ತಿಪ್ಪೆಯವೇ, ಒಳಗಿನ ಸಾಲಿನಲ್ಲಿದ್ದ ಅದೇ ಜಾತಿಯ ಮರಿಗಿಡಗಳು.

ಓಬಳಮ್ಮ ಮಜ್ಜಿಗೆಯ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

“ಕುಂಡ ಇರ್ಲಿಲ್ಲ ಅಕ್ಕ. ಸೌದೆ ತುಂಡಿಗೆ ಕಟ್ಟಿದೆ” ಎಂದಳು. “ಬದುಕ್ತವೆ ಅಂತ ನಂಗೂ ನಂಬ್ಕೆ ಇರ್ಲಿಲ್ಲ. ಇಲ್ಲಿ ಗಾಳಿ ಜಾಸ್ತಿ, ಅದ್ಕೇ ಏನೋ.”

ಮಜ್ಜಿಗೆ ಕುಡಿದೆ. ಉಪ್ಪು ಸರಿಯಾಗಿತ್ತೋ ಇಲ್ಲವೋ ಗೊತ್ತಾಗಲಿಲ್ಲ. “ಬರ್ತೀನಮ್ಮ” ಎಂದಷ್ಟೇ ಹೇಳಿ ಹೊರಟೆ.

ಸಾಹುಕಾರರಿಗೆ ಕೊಯ್ತದ ವಿಷಯ ಹೇಳಿದಾಗ ಅವರು ನಂಬಲಿಲ್ಲ. “ನೀವಿಬ್ರೂ ಒಂದೇ ಬುತ್ತೀಲಿ ಉಂಡೋರು ಕಣಮ್ಮ” ಎಂದರು. ನನಗೆ ಅಳು ಬಂತು, ಸಿಟ್ಟೂ ಬಂತು.

“ಅಂಗಾದ್ರೆ ನಮ್ಮಿಬ್ರನ್ನೂ ನಂಬಬ್ಯಾಡಿ. ಗಿರೀಶಪ್ಪನ್ನೂ ನಂಬಬ್ಯಾಡಿ. ಮೂಡಲ ಬದಿ ಟಾರ್ಪಾಲು ಎತ್ಸಿ, ಪಡುವಲ ಬದಿ ಇದ್ದಂಗೇ ಬುಡಿ. ನೀರು ನೀವೇ ಹಾಕಿ. ಯಾವ ಕುಂಡ ಅಂತ ನೀವೇ ಗುರುತು ಮಾಡ್ಕಳಿ. ನಾನು ಒಳೀಕೇ ಬರಾಕಿಲ್ಲ.”

ಅದು ಅವರ ಭಾಷೆಯ ಮಾತು, ಅರ್ಥವಾಯಿತು. ಮಂಡಿಯನ್ನು ತಮ್ಮನಿಗೆ ಒಪ್ಪಿಸಿ ತೋಟದಲ್ಲೇ ಉಳಿದರು. ಮೂಡಲ ಬದಿಯ ಟಾರ್ಪಾಲು ಎತ್ತಿಸಿ, ಆ ತೆರೆದ ಬದಿಯಲ್ಲೇ ಕುರ್ಚಿ ಹಾಕಿಕೊಂಡು ತಾವೇ ಕಾವಲು ಕೂತರು. ಎರಡೂ ಬದಿಗೆ ಒಂದೇ ಚೊಂಬಿನಲ್ಲಿ ನೀರು ಹಾಕಿದರು. ನಾನು ಶೆಡ್ಡಿನಲ್ಲಿ ಇದ್ದಿಲು ಒಡೆಯುತ್ತಾ ದೂರದಿಂದ ನೋಡುತ್ತಿದ್ದೆ. ಅವರು ಕುಂಡ ಎತ್ತುವುದು, ಇಡುವುದು, ಇನ್ನೊಂದು ಬದಿಗೆ ಹೋಗಿ ಎತ್ತುವುದು.

ವಾರಗಳು ಕಳೆದ ಮೇಲೆ ಒಂದು ದಿನ ಎರಡು ಕುಂಡ ಹಿಡಿದು ನನ್ನ ಮೇಜಿಗೆ ಬಂದರು. ಮೂಡಲ ಬದಿಯದರಲ್ಲಿ ಹೊಸ ಬೇರಿನ ಹಸಿರು ತುದಿ ಇದ್ದಿಲಿನ ಸಂದಿನಿಂದ ಇಣುಕುತ್ತಿತ್ತು. ಪಡುವಲ ಬದಿಯದು ಬುಡದಲ್ಲಿ ಮೆತ್ತಗಾಗಿ ವಾಸನೆ ಬರುತ್ತಿತ್ತು. ಎರಡನ್ನೂ ಮೇಜಿನ ಮೇಲಿಟ್ಟು ಹೋಗಿ, ಉಳಿದ ಟಾರ್ಪಾಲಿನ ಹಗ್ಗವನ್ನು ಕುಡುಗೋಲಿನಿಂದ ತಾವೇ ಕತ್ತರಿಸಿದರು. ಟಾರ್ಪಾಲು ದೊಪ್ಪನೆ ಬಿತ್ತು. ಒಳಗಿದ್ದ ಬಿಸಿ, ಕೊಳೆತ ಗಾಳಿ ಮುಖಕ್ಕೆ ಹೊಡೆದುಕೊಂಡು ಹೋಯಿತು.

ತಾಯಿಗಿಡ ಕದ್ದವರು ಯಾರೆಂದು ಇಂದಿಗೂ ಗೊತ್ತಾಗಿಲ್ಲ. ನನಗೆ ಒಬ್ಬರ ಮೇಲೆ ಅನುಮಾನವಿದೆ. ಇಲ್ಲಿ ಬರೆಯುವುದಿಲ್ಲ. ಬರೆದ ಅನುಮಾನ ಓದುವವರಿಗೆ ಸಾಕ್ಷಿಯಂತೆ ಕಾಣುತ್ತದೆ. ಕುಂಡದ ಮೇಲೆ ಅನುಮಾನ ಬಂದರೆ ಗಿಡ ಕಿತ್ತು ಬೇರು ನೋಡಿ ಮತ್ತೆ ನೆಡಬಹುದು. ಮನುಷ್ಯರನ್ನು ಹಾಗೆ ಕಿತ್ತು ನೋಡಿ ಮತ್ತೆ ನೆಡಲು ಬರುವುದಿಲ್ಲ. ಕೆಲಸಕ್ಕೆ ಸೇರುವ ಹುಡುಗಿಯರಿಗೆ ಇದನ್ನು ಮಾತ್ರ ಒತ್ತಿ ಹೇಳುತ್ತೇನೆ.

ಟಾರ್ಪಾಲು ಬಿದ್ದ ಮರುವಾರ ಸಾಹುಕಾರರು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಪಾವಗಡದ ದಾರಿ ಹಿಡಿದರು. ಓಬಳಮ್ಮನ ಮನೆಯ ಮುಂದೆ ಇಳಿದು, ಹೊರಗಿನ ಮಂಚದ ಅಂಚಿಗೆ ಕೂತು, ಮರವನ್ನೂ ಮನೆಯ ಸೂರನ್ನೂ ನೋಡಿದರು. ತಪ್ಪಾಯಿತು ಎನ್ನುವ ಮಾತು ಅವರ ಬಾಯಿಗೆ ಅಭ್ಯಾಸವಿರಲಿಲ್ಲ.

“ಟಾರ್ಪಾಲು ತೆಗೆಸ್ಬುಟ್ಟೆ” ಎಂದರು ಕೊನೆಗೆ. “ಬ್ಯಾಗು ಬಿಚ್ಚೋದೂ ನಿಲ್ಸಿದೀನಿ. ನಾಳೆಯಿಂದ ಬಾರಮ್ಮ.”

ಓಬಳಮ್ಮನ ತಾಯಿ ಒಳಗಿನಿಂದ ತೆಲುಗಿನಲ್ಲಿ ಏನೋ ಜೋರಾಗಿ ಅಂದಳು. ಓಬಳಮ್ಮ ಸಾಹುಕಾರರ ಕಡೆ ತಿರುಗಿ, “ನಾಳೆ ಆಗಲ್ಲ ಸಾವ್ಕಾರ್ರೆ. ಅವರೆಕಾಯಿ ಕುಯ್ಲು ಐತೆ ಅಕ್ಕನ ಹೊಲ್ದಾಗೆ. ಮುಗಿದ್ ಮ್ಯಾಲೆ ಬತ್ತೀನಿ” ಎಂದಳು. ಸಾಹುಕಾರರು ತಲೆಯಾಡಿಸಿದರು.

ಕುಯ್ಲು ಮುಗಿಸಿಕೊಂಡೇ ಬಂದಳು. ಮತ್ತೆ ನೀರಿನ ಪೈಪು ಹಿಡಿದಳು. ಮೊದಮೊದಲು ನನ್ನೊಡನೆ ಕೆಲಸದ ಮಾತು ಮಾತ್ರ ಆಡುತ್ತಿದ್ದಳು. ಒಂದು ಮಧ್ಯಾಹ್ನ ಶೆಡ್ಡಿನ ನೆರಳಿನಲ್ಲಿ ಇಬ್ಬರೂ ಮಟ್ಟೆ ಬಿಡಿಸುತ್ತಾ ಕೂತಿದ್ದಾಗ ಅವಳೇ ಮಾತು ತೆಗೆದಳು.

“ಆವತ್ತು ನೀನು ನನ್ನ ನೋಡಾಕೆ ಬಂದಿರ್ಲಿಲ್ಲ ಅಲ್ವಾ ಅಕ್ಕ? ಗಿಡ ನೋಡಾಕೆ ಬಂದಿದ್ದೆ. ಬಾಗ್ಲಿಗೆ ಬಂದಾಗ್ಲೇ ಗೊತ್ತಾಯ್ತು ನಂಗೆ.”

ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. “ಹೂಂ” ಅಂದೆ. “ಗೊತ್ತಿದ್ದೂ ಯಾಕೆ ಒಳೀಕೆ ಕರ್ದೆ ಮತ್ತೆ? ಮಜ್ಜಿಗೆ ಬೇರೆ ಕೊಟ್ಟೆ.”

ಅವಳು ಮಟ್ಟೆಯ ನಾರು ಎಳೆಯುತ್ತಲೇ ಹೇಳಿದಳು.

“ಬಿಸ್ಲು ಅಂಗಿತ್ತಲ್ಲಕ್ಕ.”